ಎರಡು ಗೆರೆ ಮೂಡುವ ಮೊದಲೇ: ಹೃದಯ, ನಂಜು ಮತ್ತು ಬಸಿರು

ಚಿಕ್ಕಮ್ಮನ ಮಗಳ ಸೀಮಂತದ ದಿನ ಅವಳು ಹಸೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ಕೈ ತುಂಬ ಹಸಿರು ಬಳೆ, ಮಡಿಲು ತುಂಬ ಹಣ್ಣು, ಮುಖದಲ್ಲಿ ನಗು. ಆದರೆ ಆರತಿ ಮುಗಿಯುವಷ್ಟರಲ್ಲಿ ಎರಡು ಸಲ ಎದ್ದು ಹೊರಗೆ ಗಾಳಿಗೆ ಹೋಗಿ ಬಂದಳು. 'ಏಳು ತಿಂಗಳು ಅಲ್ವಾ, ಹೊಟ್ಟೆ ಮೇಲೆ ಬಂದಿದೆ, ಇದೆಲ್ಲ ಇದ್ದದ್ದೇ' ಎಂದರು ಹಿರಿಯರು. ನಾನೂ ಹಾಗೇ ಅಂದುಕೊಂಡೆ. ರಾತ್ರಿ ಅವಳ ಪಕ್ಕ ಮಲಗಿದಾಗಲೇ ಗೊತ್ತಾಗಿದ್ದು, ಅವಳು ಮಲಗುವುದೇ ಇಲ್ಲ. ಗೋಡೆಗೆ ಮೂರು ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡುತ್ತಾಳೆ. ಸ್ವಲ್ಪ ಕೆಳಗೆ ಜಾರಿದರೆ ಸಾಕು, ಕೆಮ್ಮು ಒತ್ತರಿಸಿಕೊಂಡು ಬಂದು ಎಚ್ಚರವಾಗಿಬಿಡುತ್ತದೆ.

ಎರಡು ದಿನ ಬಿಟ್ಟು ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದರು. ಹೃದಯದ ಒಂದು ಕವಾಟ ಕಿರಿದಾಗಿತ್ತು. ಅದು ಬಸಿರಿನಿಂದ ಬಂದದ್ದಲ್ಲ, ವರ್ಷಗಳಿಂದ ಒಳಗೇ ಇತ್ತು. ಬಸಿರು ಅದನ್ನು ಹೊರಗೆ ತಂದಿತ್ತು ಅಷ್ಟೆ.

ಈ ವಿಷಯ ಬರೆಯಬೇಕು ಅಂತ ಅವತ್ತಿನಿಂದ ಅನಿಸುತ್ತಲೇ ಇದೆ. ಮಗು ಬೇಕು ಎನ್ನುವವರಿಗೆ ನಾವು ಹೇಳುವ ಮಾತೆಲ್ಲ ಗರ್ಭ ನಿಂತ ಮೇಲಿನದು. ಏನು ತಿನ್ನಬೇಕು, ಎಷ್ಟು ನಡೆಯಬೇಕು, ಯಾವ ಸ್ಕ್ಯಾನ್ ಯಾವಾಗ ಮಾಡಿಸಬೇಕು. ಆದರೆ ದೊಡ್ಡ ಅಪಾಯಗಳಲ್ಲಿ ಎರಡು, ಅಂದರೆ ಗೊತ್ತಿಲ್ಲದ ಹೃದಯ ಕಾಯಿಲೆ ಮತ್ತು ಕೆಲಸದ ಜಾಗದಲ್ಲೋ ಮನೆಯಲ್ಲೋ ಮೈಗೆ ಸೇರುವ ವಿಷ, ಟೆಸ್ಟ್ ಕಡ್ಡಿಯಲ್ಲಿ ಎರಡು ಗೆರೆ ಮೂಡುವ ಮೊದಲೇ ಇರುತ್ತವೆ. ಎರಡನೆಯದು ಗಂಡಸರಿಗೂ ಅಷ್ಟೇ ಸಂಬಂಧಪಟ್ಟದ್ದು.

ಮೊದಲು ಹೃದಯದ ಲೆಕ್ಕ ನೋಡೋಣ. ನಮ್ಮ ಹೃದಯ ಸುಮ್ನೆ ಕೂತಾಗ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಪಂಪ್ ಮಾಡುತ್ತದೆ. ಬಸಿರಿನಲ್ಲಿ ಮೈಯ ರಕ್ತದ ಪ್ರಮಾಣವೇ ಶೇಕಡಾ 40ರಿಂದ 50ರಷ್ಟು ಜಾಸ್ತಿಯಾಗುತ್ತದೆ. ನಿಮಿಷದ ಬಡಿತ 10ರಿಂದ 20 ಏರುತ್ತದೆ. ಹೃದಯ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಹೆಚ್ಚು ಕೆಲಸ ಮಾಡಬೇಕಾಗುತ್ತದೆ, ರಾತ್ರಿ ಹಗಲು, ಒಂದು ದಿನದ ರಜೆಯಿಲ್ಲದೆ. ಈ ಹೊರೆ ಬಹುತೇಕ ತುದಿ ಮುಟ್ಟುವುದು 28ರಿಂದ 32 ವಾರದ ಹೊತ್ತಿಗೆ. ಅಂದರೆ ಸರಿಯಾಗಿ ನಮ್ಮ ಕಡೆ ಸೀಮಂತ ಮಾಡುವ ಹೊತ್ತಿಗೆ. ಹೃದಯ ಚೆನ್ನಾಗಿದ್ದರೆ ಇದನ್ನೆಲ್ಲ ನಿಭಾಯಿಸಿಬಿಡುತ್ತದೆ. ಕವಾಟ ಕಿರಿದಾಗಿದ್ದರೆ?

ಕೆರೆಯ ತೂಬು ನೆನೆಸಿಕೊಳ್ಳಿ. ಹೃದಯದ ಎಡಭಾಗದಲ್ಲಿ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ರಕ್ತ ಇಳಿಯುವ ತೂಬಿಗೆ ಮೈಟ್ರಲ್ ಕವಾಟ ಅಂತ ಹೆಸರು. ಸಾಮಾನ್ಯವಾಗಿ ಅದರ ಬಾಯಿ 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ. ಅದು 1.5ಕ್ಕಿಂತ ಕಿರಿದಾಯಿತು ಅಂದುಕೊಳ್ಳಿ. ಇಳಿಯಬೇಕಾದ ನೀರು ಜಾಸ್ತಿ, ತೂಬು ಸಣ್ಣದು, ಮೇಲಾಗಿ ಬಡಿತ ಜೋರಾಗಿರುವುದರಿಂದ ತೂಬು ತೆರೆದಿರುವ ಸಮಯವೂ ಕಡಿಮೆ. ಇಳಿಯದ ರಕ್ತ ಹಿಂದಕ್ಕೆ ಒತ್ತುತ್ತದೆ. ಹಿಂದೆ ಇರುವುದು ಶ್ವಾಸಕೋಶ. ಅಲ್ಲಿ ನೀರು ಜಿನುಗುತ್ತದೆ. ಅಡ್ಡ ಮಲಗಿದಾಗ ಕಾಲಿನ ರಕ್ತವೂ ಎದೆಗೆ ಬರುವುದರಿಂದ ಇನ್ನೂ ಜಾಸ್ತಿ. ಮೂರು ದಿಂಬಿನ ಗುಟ್ಟು ಇದೇ.

ಬಸುರಿ ಹೆಂಗಸಿಗೆ ಮೆಟ್ಟಿಲು ಹತ್ತಿದಾಗ ಸ್ವಲ್ಪ ಮೇಲುಸಿರು ಬರುವುದು ಸಹಜ, ನಿಜ. ಆದರೆ ಅಡ್ಡ ಮಲಗಲು ಆಗದಿರುವುದು, ರಾತ್ರಿ ಉಸಿರು ಕಟ್ಟಿ ಎದ್ದು ಕೂರುವುದು, ಮಲಗಿದಾಗಲೇ ಬರುವ ಕೆಮ್ಮು, ಕಫದಲ್ಲಿ ರಕ್ತ, ಎದೆನೋವು, ತಲೆ ತಿರುಗಿ ಬೀಳುವುದು, ಇವು ಸಹಜ ಅಲ್ಲ. ಇವುಗಳಲ್ಲಿ ಯಾವುದೇ ಒಂದು ಕಂಡರೂ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಕವಾಟ ಯಾಕೆ ಕಿರಿದಾಗುತ್ತದೆ ಅಂದರೆ, ನಮ್ಮ ದೇಶದಲ್ಲಿ ಮುಖ್ಯ ಕಾರಣ ಬಾಲ್ಯದ ಗಂಟಲು ನೋವು. 5ರಿಂದ 15 ವರ್ಷದ ಮಕ್ಕಳಿಗೆ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ಕೆಡುತ್ತದೆ. ಸರಿಯಾಗಿ ಚಿಕಿತ್ಸೆ ಸಿಗದಿದ್ದರೆ ಕೆಲವರಿಗೆ ಎರಡು ಮೂರು ವಾರ ಬಿಟ್ಟು ಜ್ವರ, ಮಂಡಿ, ಮೊಣಕೈ ಊತ. ಬ್ಯಾಕ್ಟೀರಿಯಾವನ್ನು ಹೊಡೆಯಲು ಹೊರಟ ಮೈಯ ಕಾವಲುಪಡೆ ತನ್ನದೇ ಕವಾಟವನ್ನೂ ಶತ್ರು ಅಂದುಕೊಂಡು ಕಚ್ಚುತ್ತದೆ. ಇದೇ ರುಮ್ಯಾಟಿಕ್ ಜ್ವರ. ವರ್ಷಗಟ್ಟಲೆ ಕವಾಟದ ಎಸಳುಗಳು ಒಂದಕ್ಕೊಂದು ಅಂಟುತ್ತಾ ಹೋಗುತ್ತವೆ. ಚಿಕ್ಕಮ್ಮನ ಮಗಳಾದ ನನ್ನ ಈ ತಂಗಿಗೆ ಹತ್ತನೇ ವಯಸ್ಸಿನಲ್ಲಿ ಹೀಗೇ ಆಗಿತ್ತು. ಪೇಟೆಯ ಒಂದು ಆಸ್ಪತ್ರೆಯಲ್ಲಿ 'ಬೆಳೆಯುವ ಮಕ್ಕಳ ಕಾಲುನೋವು' ಎಂದು ಮುಲಾಮು ಕೊಟ್ಟು ಕಳಿಸಿದ್ದರು. 21 ದಿನಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ಶುರುವಾಗಿದ್ದರೆ ಕವಾಟ ಇಷ್ಟು ಕೆಡದೇ ಇರುವ ಸಾಧ್ಯತೆ ಹೆಚ್ಚಿತ್ತು. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಸಮಾಧಾನದ ಸಂಗತಿ ಎಂದರೆ ಇದಕ್ಕೆ ದಾರಿ ಇದೆ. ತೊಡೆಸಂದಿನ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ, ಕವಾಟದ ಬಾಯಲ್ಲಿ ಬಲೂನ್ ಉಬ್ಬಿಸಿ, ಅಂಟಿದ ಎಸಳು ಬಿಡಿಸುತ್ತಾರೆ. ಜಪಾನಿನ ಕಾಂಜಿ ಇನೋಯೆ 1980ರ ದಶಕದಲ್ಲಿ ರೂಪಿಸಿದ ಉಪಾಯ ಇದು. ಬೆಂಗಳೂರಿನ ಜಯದೇವ ಸಂಸ್ಥೆಯಂಥ ಕಡೆ ಇದು ದಿನನಿತ್ಯದ ಕೆಲಸ. ಮಾತ್ರೆಯಿಂದ ಹತೋಟಿಗೆ ಬರದಿದ್ದರೆ ಬಸಿರಿನಲ್ಲೂ ಮಾಡುತ್ತಾರೆ, ಹೊಟ್ಟೆಗೆ ಎಕ್ಸ್‌ರೇ ತಾಗದಂತೆ ಮರೆ ಕಟ್ಟಿ. ಆದರೂ ಬಸಿರಿಗೆ ಮೊದಲೇ ಮಾಡಿಸಿಕೊಂಡರೆ ತಾಯಿ ಮಗು ಇಬ್ಬರಿಗೂ ಎಷ್ಟೋ ನಿರಾಳ.

ಹೃದಯ ಕಾಯಿಲೆ ಇರುವವರೆಲ್ಲ ಮಗು ಬೇಡ ಎನ್ನಬೇಕು ಅಂತ ಇದರ ಅರ್ಥ ಅಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಹೆಣ್ಣುಮಕ್ಕಳ ಎದೆಯ ಕಾಯಿಲೆಯನ್ನು ಮದುವೆಗೆ ಮೊದಲು ಮುಚ್ಚಿಡುವುದೇ ಈ ಭಯದಿಂದ. ಹುಟ್ಟಿನಿಂದ ಇದ್ದ ರಂಧ್ರ ಮುಚ್ಚಿಸಿಕೊಂಡವರು, ಕವಾಟದಲ್ಲಿ ಅಲ್ಪಸ್ವಲ್ಪ ಸೋರಿಕೆ ಇರುವವರು, ಬಹಳ ಮಂದಿ ಯಾವ ತೊಂದರೆಯೂ ಇಲ್ಲದೆ ಹೆರುತ್ತಾರೆ. ವೈದ್ಯರು 'ಬೇಡ' ಎಂದು ಖಂಡಿತವಾಗಿ ಹೇಳುವುದು ಕೆಲವೇ ಸ್ಥಿತಿಗಳಲ್ಲಿ. ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ವಿಪರೀತ ಏರಿದ್ದರೆ, ಹೃದಯದ ಪಂಪ್ ಮಾಡುವ ಶಕ್ತಿ ಶೇಕಡಾ 30ಕ್ಕಿಂತ ಕೆಳಗಿದ್ದರೆ, ಮೈಟ್ರಲ್ ಕವಾಟ ತೀರಾ ಕಿರಿದಾಗಿದ್ದರೆ. ಕವಾಟವನ್ನಾದರೆ ಸರಿಪಡಿಸಿಕೊಂಡು ಮುಂದುವರಿಯಬಹುದು.

ಹೆರಿಗೆ ಆದ ತಕ್ಷಣ ಗಂಡಾಂತರ ಕಳೆಯಿತು ಅಂದುಕೊಳ್ಳಬೇಡಿ. ಗರ್ಭಕೋಶ ಕುಗ್ಗಿದಾಗ ಅಲ್ಲಿದ್ದ ರಕ್ತ ಒಮ್ಮೆಲೇ ಹೃದಯಕ್ಕೆ ನುಗ್ಗುತ್ತದೆ. ಕೆಟ್ಟ ಹೃದಯಕ್ಕೆ ಮೊದಲ ಒಂದೆರಡು ದಿನವೇ ಕಷ್ಟ. ಇನ್ನೊಂದು ಕಾಯಿಲೆ ಇದೆ, ಮೊದಲು ಯಾವ ತೊಂದರೆಯೂ ಇಲ್ಲದ ಹೆಂಗಸಿನ ಹೃದಯ ಬಸಿರಿನ ಕೊನೆಯ ತಿಂಗಳಿಂದ ಹೆರಿಗೆಯಾದ ಐದು ತಿಂಗಳೊಳಗೆ ಏಕಾಏಕಿ ದುರ್ಬಲವಾಗುತ್ತದೆ. ಬಾಣಂತಿ ಕೋಣೆಯೊಳಗೆ ಮಲಗಿರುತ್ತಾಳೆ, ಕಾಲು ಊದುತ್ತದೆ, ಸುಸ್ತು, ಉಸಿರಾಡಲು ಕಷ್ಟ. ಮನೆಯವರು 'ನಂಜು ಏರಿದೆ' ಎಂದು ಪಥ್ಯ ಬಿಗಿ ಮಾಡುತ್ತಾರೆ. ಪಥ್ಯ ಅಲ್ಲ ಬೇಕಿರುವುದು, ಎಕೋ.

ನಂಜು ಎಂಬ ಮಾತು ಬಂತಲ್ಲ. ನಂಜು ಅಂದರೆ ವಿಷ. 20 ವಾರದ ನಂತರ ಬಿಪಿ 140/90 ದಾಟಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಳ್ಳುವುದಕ್ಕೂ ನಮ್ಮಲ್ಲಿ ಗರ್ಭನಂಜು ಎನ್ನುತ್ತಾರೆ. ಅದು ನಿಜವಾದ ವಿಷದಿಂದ ಬರುವುದಲ್ಲ, ಮಾಸು (ಪ್ಲಾಸೆಂಟಾ) ಸರಿಯಾಗಿ ಬೇರೂರದೆ ಬರುವುದು. ಒಂದು ಮಾತು ಮಾತ್ರ ನೆನಪಿರಲಿ. ಗರ್ಭನಂಜು ಆದವರಿಗೆ ಮುಂದೆ ಹೃದಯ ಕಾಯಿಲೆ ಬರುವ ಸಾಧ್ಯತೆ ಬೇರೆಯವರಿಗಿಂತ ಸುಮಾರು ಎರಡು ಪಟ್ಟು. ಮಗು ಹುಟ್ಟಿ ಬಿಪಿ ಇಳಿದ ಮೇಲೂ ವರ್ಷಕ್ಕೊಮ್ಮೆ ಬಿಪಿ, ಶುಗರ್ ನೋಡಿಸುತ್ತಿರಬೇಕು.

ಇನ್ನು ನಿಜವಾದ ನಂಜಿನ ಕಥೆ.

ಮಾಸು ತಾಯಿ ಮತ್ತು ಮಗುವಿನ ನಡುವೆ ಗೋಡೆ ಇದ್ದ ಹಾಗೆ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಗೋಡೆ ಅಲ್ಲ, ಜರಡಿ. ದೊಡ್ಡ ಕಣಗಳು ನಿಲ್ಲುತ್ತವೆ, ಸಣ್ಣವು ಮತ್ತು ಕೊಬ್ಬಿನಲ್ಲಿ ಕರಗುವಂಥವು ದಾಟಿಬಿಡುತ್ತವೆ. ಇದಕ್ಕೆ ಹೃದಯ ರೋಗಿಗಳ ಮಾತ್ರೆಯೇ ಒಳ್ಳೆಯ ಉದಾಹರಣೆ. ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಿನ್ನುತ್ತಾರೆ. ಅದು ಜರಡಿ ದಾಟುತ್ತದೆ, 6ರಿಂದ 12ನೇ ವಾರದ ನಡುವೆ ಮಗುವಿನ ಮೂಗು, ಮೂಳೆಗಳನ್ನು ಕೆಡಿಸಬಹುದು. ಅದೇ ಕೆಲಸ ಮಾಡುವ ಹೆಪಾರಿನ್ ಇಂಜೆಕ್ಷನ್ ದೊಡ್ಡ ಕಣ, ದಾಟುವುದಿಲ್ಲ. ಬಿಪಿಗೆ ಕೊಡುವ ಎನಾಲಪ್ರಿಲ್, ರಾಮಿಪ್ರಿಲ್, ಲೋಸಾರ್ಟನ್ ಮಗುವಿನ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಹಾಗಂತ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು. ವಾರ್ಫರಿನ್ ಒಮ್ಮೆಲೇ ಬಿಟ್ಟರೆ ಕವಾಟದಲ್ಲೇ ರಕ್ತ ಹೆಪ್ಪುಗಟ್ಟಿ ತಾಯಿಯ ಜೀವಕ್ಕೇ ಕುತ್ತು. ಮಗುವಿನ ಯೋಚನೆ ಬಂದಾಗಲೇ ವೈದ್ಯರ ಹತ್ತಿರ ಕೂತು ಯಾವುದನ್ನು, ಯಾವಾಗ, ಹೇಗೆ ಬದಲಿಸುವುದು ಅಂತ ತೀರ್ಮಾನ ಮಾಡಿಕೊಳ್ಳಬೇಕು. ಮುಟ್ಟು ತಪ್ಪಿ ಒಂದು ವಾರದ ಹೊತ್ತಿಗೆ ಮಗುವಿನ ಪುಟ್ಟ ಹೃದಯ ಬಡಿಯಲು ಶುರು ಮಾಡಿರುತ್ತದೆ, ಇನ್ನೊಂದು ತಿಂಗಳಲ್ಲಿ ಅದರ ನಾಲ್ಕೂ ಕೋಣೆ ಬಹುಮಟ್ಟಿಗೆ ರೂಪುಗೊಂಡಿರುತ್ತವೆ. ನಾವು ಮೊದಲ ಸ್ಕ್ಯಾನಿಗೆ ಹೋಗುವಷ್ಟರಲ್ಲಿ ಎಷ್ಟೋ ಕೆಲಸ ಮುಗಿದಿರುತ್ತದೆ.

ಗಂಡಸರ ವಿಷಯಕ್ಕೆ ಬರೋಣ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಲ್ಯಾತ್ರಾಪ್ ಎಂಬ ಊರಿನ ಕೀಟನಾಶಕ ಕಾರ್ಖಾನೆಯಲ್ಲಿ ಕಾರ್ಮಿಕರು ಊಟದ ಹೊತ್ತಿನಲ್ಲಿ ಮಾತಾಡುತ್ತಾ ಒಂದು ಸಂಗತಿ ಗಮನಿಸಿದರು. ಒಂದು ವಿಭಾಗದಲ್ಲಿ ಕೆಲಸ ಮಾಡುವವರಿಗೆ ಮಕ್ಕಳೇ ಆಗುತ್ತಿಲ್ಲ. ಒಬ್ಬರಿಗಲ್ಲ, ಹಲವರಿಗೆ. ಹಟ ಹಿಡಿದು ವೀರ್ಯ ಪರೀಕ್ಷೆ ಮಾಡಿಸಿಕೊಂಡರು. ಕೆಲವರಲ್ಲಿ ವೀರ್ಯಾಣುಗಳು ತೀರಾ ಕಡಿಮೆ, ಕೆಲವರಲ್ಲಿ ಒಂದೂ ಇಲ್ಲ. ಅವರು ತಯಾರಿಸುತ್ತಿದ್ದದ್ದು ಡಿಬಿಸಿಪಿ, ಗಿಡದ ಬೇರು ತಿನ್ನುವ ಜಂತುಗಳನ್ನು ಕೊಲ್ಲುವ ರಾಸಾಯನಿಕ. ಇದು ಇಲಿಗಳ ವೃಷಣ ಕುಗ್ಗಿಸುತ್ತದೆ ಎಂಬ ವರದಿ 1961ರಲ್ಲೇ ಅಚ್ಚಾಗಿತ್ತು. ಹದಿನಾರು ವರ್ಷ ಆ ಮಾತು ಕಾರ್ಮಿಕರಿಗೆ ತಲುಪಲಿಲ್ಲ. ಅಮೆರಿಕದಲ್ಲಿ 1979ರಲ್ಲಿ ಬಹುತೇಕ ನಿಷೇಧವಾಯಿತು, ಆದರೆ ಅಷ್ಟರಲ್ಲಿ ಕೋಸ್ಟರಿಕಾ, ನಿಕರಾಗುವಾದಂಥ ದೇಶಗಳ ಬಾಳೆ ತೋಟಗಳಲ್ಲಿ ಸಾವಿರಾರು ಕೂಲಿಗಳು ಇದರಿಂದ ಮಕ್ಕಳ ಭಾಗ್ಯ ಕಳೆದುಕೊಂಡಿದ್ದರು.

ಆ ಗಂಡಸರಿಗೆ ಬೇರೆ ಯಾವ ಕಾಯಿಲೆಯೂ ಇರಲಿಲ್ಲ. ಮೈಕೈ ಗಟ್ಟಿಯಾಗಿತ್ತು. ಒಳಗೆ ಏನಾಗಿತ್ತು ಅಂದರೆ, ವೀರ್ಯಾಣು ಒಂದು ಬೀಜಕೋಶದಿಂದ ಶುರುವಾಗಿ ಪೂರ್ತಿ ಬೆಳೆಯಲು ಸುಮಾರು 70ರಿಂದ 75 ದಿನ ಬೇಕು. ವಿಷ ನಡುವಿನ ಹಂತಕ್ಕೆ ಮಾತ್ರ ತಾಗಿದ್ದರೆ, ಅದರಿಂದ ದೂರ ಬಂದ ಮೂರು ನಾಲ್ಕು ತಿಂಗಳಲ್ಲಿ ಹೊಸ ಬೆಳೆ ಬರುತ್ತದೆ. ಬಿತ್ತನೆ ಬೀಜವಾದ ಮೂಲಕೋಶವೇ ಸತ್ತರೆ ಮತ್ತೆ ಬೆಳೆ ಇಲ್ಲ. ಹೆಂಗಸರ ಲೆಕ್ಕ ಬೇರೆ. ಅಂಡಗಳೆಲ್ಲ ಅವಳು ಹುಟ್ಟುವ ಮೊದಲೇ, ತನ್ನ ತಾಯಿಯ ಹೊಟ್ಟೆಯಲ್ಲೇ ತಯಾರಾಗಿರುತ್ತವೆ, ಆಮೇಲೆ ಹೊಸದು ಹುಟ್ಟುವುದಿಲ್ಲ. ಅಂದರೆ ಬಸುರಿಯ ಹೊಟ್ಟೆಯಲ್ಲಿ ಹೆಣ್ಣುಮಗು ಇದ್ದರೆ, ತಾಯಿಯ ಮೈಗೆ ಹೋದ ವಿಷ ಅವಳ ಮೊಮ್ಮಗುವಾಗಬೇಕಾದ ಕೋಶದವರೆಗೂ ತಲುಪಬಹುದು.

ಇಷ್ಟೆಲ್ಲ ಅಮೆರಿಕದ ಮಾತಾಯಿತು. ನಮ್ಮ ಗಡಿಯಲ್ಲೇ ಪಡ್ರೆ ಇದೆ. ಕಾಸರಗೋಡಿನ ಆ ಊರಿನಲ್ಲಿ ಕನ್ನಡ, ತುಳು ಮಾತಾಡುವವರೇ ಬಹಳ. ಅಲ್ಲಿ ಗುಡ್ಡದ ಮೈಗೆ ಅಡ್ಡವಾಗಿ ಸುರಂಗ ಕೊರೆದು ಒಸರುವ ನೀರನ್ನು ಕುಡಿಯಲು, ತೋಟಕ್ಕೆ ತರುತ್ತಾರೆ. ಗುಡ್ಡದ ತಲೆಯ ಮೇಲೆ ಸರ್ಕಾರಿ ನಿಗಮದ ಗೇರು ತೋಟ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರಿನ ಹೂವು ಕೆಡಿಸುವ ಕೀಟಕ್ಕೆಂದು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಮೇಲೆ ಸುರಿದದ್ದು ಮಳೆಯ ಜೊತೆ ತೋಡಿಗೆ, ಸುರಂಗಕ್ಕೆ, ಕೊಡಪಾನಕ್ಕೆ. ಊರಿನ ವೈದ್ಯ ಮೋಹನ ಕುಮಾರ್ ಅವರಿಗೆ ಒಂದೇ ಕಡೆ ಇಷ್ಟೊಂದು ವಿಚಿತ್ರ ಕಾಯಿಲೆಗಳು ಯಾಕೆ ಎಂಬ ಅನುಮಾನ ಬಂತು. ಪತ್ರಕರ್ತ ಶ್ರೀ ಪಡ್ರೆ ಬರೆಯುತ್ತಲೇ ಹೋದರು.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಲ್ಲಿಗೆ ಬಂದು 117 ಹುಡುಗರನ್ನು ಪರೀಕ್ಷಿಸಿ, ಸಿಂಪಡಣೆ ಇಲ್ಲದ ಊರಿನ 90 ಹುಡುಗರ ಜೊತೆ ಹೋಲಿಸಿದರು. 2003ರಲ್ಲಿ ಅಚ್ಚಾದ ಆ ಅಧ್ಯಯನದ ಪ್ರಕಾರ ಈ ಊರಿನ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು, ಗಂಡು ಹಾರ್ಮೋನಿನ ಏರ್ಪಾಡು ಏರುಪೇರಾಗಿತ್ತು. ಸಿಂಪಡಣೆ ನಿಂತು ತಿಂಗಳುಗಳಾದರೂ ರಕ್ತದಲ್ಲಿ ಎಂಡೋಸಲ್ಫಾನ್ ಸಿಕ್ಕಿತು. ಆ ಭಾಗದ ಒಂದೊಂದು ಕಾಯಿಲೆಗೂ ಇದೇ ಕಾರಣವಾ ಎಂಬ ವಾದ ಮುಗಿದಿಲ್ಲ. ಆದರೆ ಕುಡಿಯುವ ನೀರಿನ ಮೇಲೆ ಇಪ್ಪತ್ತು ವರ್ಷ ಕೀಟನಾಶಕ ಸುರಿದದ್ದು ತಪ್ಪು ಎನ್ನಲು ಆ ವಾದ ಮುಗಿಯಬೇಕಿಲ್ಲ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯಲ್ಲೂ ಇದೇ ಕಥೆ, ಅಲ್ಲೂ ನಿಗಮದ ಗೇರು ತೋಟಗಳೇ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ನಿಷೇಧ ಹಾಕಿತು. ನಾವಿನ್ನೂ ಇಂಥವಕ್ಕೆ 'ಔಷಧಿ ಹೊಡೆಯೋದು' ಎಂದೇ ಹೇಳುತ್ತೇವೆ. ಔಷಧಿ ಎಂದಾಗ ಬರಿಗೈಯಲ್ಲಿ ಕಲಸಲು ಯಾರಿಗೂ ಭಯವಾಗುವುದಿಲ್ಲ. ಈ ಪದವನ್ನೇ ಮೊದಲು ಬಿಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಹೃದಯವನ್ನೂ ಬಸಿರನ್ನೂ ಒಟ್ಟಿಗೆ ಹೊಡೆಯುವ ಒಂದು ವಿಷ ಇದೆ, ಸೀಸ. ಅದು ಬಿಪಿ ಏರಿಸುತ್ತದೆ, ವೀರ್ಯ ಕೆಡಿಸುತ್ತದೆ, ಗರ್ಭಪಾತದ ಅಪಾಯ ಹೆಚ್ಚಿಸುತ್ತದೆ, ಮಗುವಿನ ಮಿದುಳಿಗೆ ಏಟು ಕೊಡುತ್ತದೆ. ಇದರ ಕೆಟ್ಟ ಗುಣ ಏನೆಂದರೆ, ಮೈಗೆ ಅದು ಕ್ಯಾಲ್ಸಿಯಂ ಥರ ಕಾಣುತ್ತದೆ. ಹಾಗಾಗಿ ಮೂಳೆಯಲ್ಲಿ ಹೋಗಿ ದಶಕಗಟ್ಟಲೆ ಕೂರುತ್ತದೆ. ಬಸಿರಿನಲ್ಲಿ ಮಗುವಿನ ಮೂಳೆಗೆಂದು ತಾಯಿಯ ಮೂಳೆ ಕರಗಿದಾಗ ಹಳೆಯ ಸೀಸವೂ ರಕ್ತಕ್ಕೆ ಇಳಿಯುತ್ತದೆ, ಮಾಸಿನ ಜರಡಿ ಸಲೀಸಾಗಿ ದಾಟುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಮೂಳೆ ಕರಗುವುದು ಕಡಿಮೆ. ರಾಗಿ ಮುದ್ದೆ, ಹಾಲು ಮೊಸರು, ಆಶಾ ಕಾರ್ಯಕರ್ತೆ ತಂದುಕೊಡುವ ಕ್ಯಾಲ್ಸಿಯಂ ಮಾತ್ರೆ, ಇವನ್ನು ಬಿಡಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಸೀಸ ಎಲ್ಲಿಂದ ಬರುತ್ತದೆ? ಹಳೆ ಬ್ಯಾಟರಿ ಒಡೆದು ಕರಗಿಸುವ ಶೆಡ್ಡುಗಳಿಂದ, ಹಳೆಯ ಬಣ್ಣದ ಪುಡಿಯಿಂದ, ಕಲಬೆರಕೆ ಸಿಂಧೂರದಿಂದ, ಹೊಳಪಿಗೆಂದು ಸೀಸದ ಬಣ್ಣ ಬೆರೆಸಿದ ಅರಿಸಿನದಿಂದ. ಕೆಲವು ಭಸ್ಮದ ಔಷಧಿಗಳಿಂದಲೂ. ನ್ಯೂಯಾರ್ಕಿನಲ್ಲಿ 2011 ಮತ್ತು 2012ರಲ್ಲಿ ಆರು ಬಸುರಿಯರ ರಕ್ತದಲ್ಲಿ ವಿಪರೀತ ಸೀಸ ಸಿಕ್ಕಿತು. ವಿಚಾರಿಸಿದರೆ ಎಲ್ಲರೂ ಭಾರತದಿಂದ ಬಂದ ಆಯುರ್ವೇದದ ಮಾತ್ರೆ ತಿಂದಿದ್ದರು. ಒಬ್ಬರ ರಕ್ತದಲ್ಲಿ ಡೆಸಿಲೀಟರಿಗೆ 64 ಮೈಕ್ರೋಗ್ರಾಂ. ಡೆಸಿಲೀಟರಿಗೆ 5 ಮುಟ್ಟಿದರೇ ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಲ್ಲ ಆಯುರ್ವೇದ ಔಷಧಿಯೂ ಹೀಗೆ ಅಂತ ಅಲ್ಲ, ಬೇರು ಸೊಪ್ಪಿನ ಕಷಾಯ ಬೇರೆ, ಲೋಹದ ಭಸ್ಮ ಬೇರೆ. ಆದರೆ ಮಕ್ಕಳಾಗಲೆಂದು ಯಾರೋ ಕೊಡುವ ಹೆಸರಿಲ್ಲದ, ಲೇಬಲ್ ಇಲ್ಲದ ಗುಳಿಗೆ ನುಂಗಬೇಡಿ.

ನಮ್ಮ ಬೀದಿಯಲ್ಲಿ ಒಬ್ಬ ಹುಡುಗ ಬ್ಯಾಟರಿ ಒಡೆಯುವ ಕೆಲಸಕ್ಕೆ ಹೋಗುತ್ತಿದ್ದ. ಅವನ ಹೆಂಡತಿಗೆ ಎರಡು ಸಲ ಗರ್ಭ ಹೋಯಿತು. ಸೀಸವೇ ಕಾರಣ ಅಂತ ನಾನು ಹೇಳಲಾರೆ. ಆದರೆ ತೋರಿಸಿದ ಕಡೆಯೆಲ್ಲ ಅವಳಿಗೇ ಟೆಸ್ಟ್, ಅವಳಿಗೇ ಮಾತ್ರೆ, ಅವಳಿಗೇ ಬೈಗುಳ. ಗಂಡ ಏನು ಕೆಲಸ ಮಾಡುತ್ತಾನೆ ಅಂತ ಒಬ್ಬರೂ ಕೇಳಲಿಲ್ಲ. ಅವನ ಬೂದು ಧೂಳಿನ ಅಂಗಿ ಪ್ಯಾಂಟನ್ನು ಅವಳೇ ದಿನಾ ಕೈಯಲ್ಲಿ ಉಜ್ಜಿ ಒಗೆಯುತ್ತಿದ್ದಳು.

ಅದಕ್ಕೇ ಹೇಳುತ್ತಿದ್ದೇನೆ, ವೈದ್ಯರು ಕೇಳದಿದ್ದರೆ ನೀವೇ ಹೇಳಿ. ಮಗುವಿನ ಯೋಚನೆ ಬಂದಾಗ ಗಂಡ ಹೆಂಡತಿ ಇಬ್ಬರೂ ಹೋಗಿ. ಚಿಕ್ಕಂದಿನಲ್ಲಿ ಕೀಲು ಊದಿ ಜ್ವರ ಬಂದಿತ್ತಾ, ಎದೆಯಲ್ಲಿ ಶಬ್ದ ಇದೆ ಅಂತ ಶಾಲೆಯ ತಪಾಸಣೆಯಲ್ಲಿ ಯಾರಾದರೂ ಹೇಳಿದ್ದರಾ, ಮನೆಯಲ್ಲಿ ಯಾರಾದರೂ ಎಳೆ ವಯಸ್ಸಿನಲ್ಲಿ ಹೃದಯದಿಂದ ಹೋಗಿದ್ದಾರಾ, ಹೇಳಿ. ತಿನ್ನುವ ಮಾತ್ರೆಯ ಚೀಟಿಯೆಲ್ಲ ಮುಂದೆ ಇಡಿ, ಭಸ್ಮ ಗುಳಿಗೆ ಸಮೇತ. ಕೆಲಸ ಏನು ಅಂತ ಹೇಳಿ. ದ್ರಾಕ್ಷಿಗೆ, ಹತ್ತಿಗೆ, ಅಡಿಕೆಗೆ ಸಿಂಪಡಿಸುವುದಾ, ಪೇಂಟಾ, ಬ್ಯಾಟರಿಯಾ, ಪ್ರಿಂಟಿಂಗ್ ಪ್ರೆಸ್ಸಾ. ಬ್ಯಾಟರಿ ಕೆಲಸದವರು ರಕ್ತದಲ್ಲಿ ಸೀಸದ ಪರೀಕ್ಷೆ ಬೇಕು ಅಂತ ಬಾಯಿಬಿಟ್ಟು ಕೇಳಿ. ಸಿಂಪಡಣೆಗೆ ಹೋಗುವ ಗಂಡಸರು ಸಾಧ್ಯವಾದರೆ ಮೂರು ನಾಲ್ಕು ತಿಂಗಳು ಆ ಕೆಲಸ ಬಿಡಿ. ಆಗದಿದ್ದರೆ ಕೈಗವಸು, ಮುಖಕ್ಕೆ ಸರಿಯಾದ ಮಾಸ್ಕ್ ಹಾಕಿ, ಗಾಳಿಗೆ ಎದುರು ನಿಲ್ಲಬೇಡಿ, ಮನೆಗೆ ಬಂದ ಕೂಡಲೇ ಮಗು ಎತ್ತಿಕೊಳ್ಳುವ ಮೊದಲು ಸ್ನಾನ. ನಲವತ್ತರ ಆಸುಪಾಸಿನ ಗಂಡಸರಿಗೆ ಇನ್ನೊಂದು ಮಾತು. ಹಾಸಿಗೆಯಲ್ಲಿ ನಿಮಿರುವ ತೊಂದರೆ ಶುರುವಾದರೆ ನಾಚಿಕೊಂಡು ಗುಟ್ಟಾಗಿ ಮಾತ್ರೆ ತರಬೇಡಿ. ಶಿಶ್ನದ ರಕ್ತನಾಳ ಹೃದಯದ ರಕ್ತನಾಳಕ್ಕಿಂತ ಸಣ್ಣದು, ಮೊದಲು ಕಟ್ಟುವುದು ಅದೇ. ಎಷ್ಟೋ ಜನರಿಗೆ ಹೃದಯಾಘಾತಕ್ಕೆ ಕೆಲವು ವರ್ಷ ಮೊದಲು ಬರುವ ಸುಳಿವು ಅದು. ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆ ಬಳಸುವವರು ವಯಾಗ್ರದಂಥದ್ದನ್ನು ತಿಂದರೆ ಬಿಪಿ ಕುಸಿದು ಪ್ರಾಣವೇ ಹೋಗಬಹುದು.

ಆ ಹುಡುಗ ಈಗ ಕೆಲಸದ ಬಟ್ಟೆಯನ್ನು ಶೆಡ್ಡಿನಲ್ಲೇ ಬಿಚ್ಚಿಟ್ಟು ಬರುತ್ತಾನೆ, ಭಾನುವಾರ ಬೇರೆ ಬಕೆಟ್ಟಿನಲ್ಲಿ ತಾನೇ ಒಗೆದುಕೊಳ್ಳುತ್ತಾನೆ. ಬೇರೆ ಕೆಲಸ ಹುಡುಕುತ್ತಿದ್ದಾನೆ, ಇನ್ನೂ ಸಿಕ್ಕಿಲ್ಲ. ನನ್ನ ತಂಗಿಗೆ ಸೀಮಂತವಾಗಿ ಹದಿನೈದು ದಿನಕ್ಕೆ ಬಲೂನ್ ಹಾಕಿದರು. ಮಾರನೇ ದಿನ ಬೆಳಿಗ್ಗೆ ನಾನು ವಾರ್ಡಿಗೆ ಹೋದಾಗ ಒಂದೇ ದಿಂಬು ಹಾಕಿಕೊಂಡು, ಎಡಮಗ್ಗುಲಿಗೆ ತಿರುಗಿ, ಗಾಢವಾಗಿ ನಿದ್ದೆ ಮಾಡುತ್ತಿದ್ದಳು. ಎಬ್ಬಿಸಲಿಲ್ಲ. ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ 21 ದಿನಕ್ಕೊಂದು ಕೆಂಪು ಗುರುತು ಇದೆ, ಅಮ್ಮನ ಪೆನಿಸಿಲಿನ್ ಇಂಜೆಕ್ಷನ್ ದಿನ. ಗುರುತು ಹಾಕುವುದು ಮಗಳ ಕೆಲಸ.